ಹದಿನೆಂಟು ವೋಲ್ಟಿನ ಗುಮಾನಿ

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಇದು ಕೆಟ್ಟ ಗುಣ ಎಂದು ಬಹಳ ಜನ ಹೇಳಿದ್ದಾರೆ. ಹಾಗೆ ಹೇಳಿದವರ ಉದ್ದೇಶ ಏನಿತ್ತು ಎಂಬುದೂ ನನಗಿನ್ನೂ ಖಚಿತವಾಗಿಲ್ಲ. ಹಾಲಿನವನು ಹಾಲು ಅಳೆಯುವಾಗ ನಾನು ಹಾಲನ್ನು ನೋಡುವುದಿಲ್ಲ, ಅವನ ಹೆಬ್ಬೆರಳನ್ನು ನೋಡುತ್ತೇನೆ. ಅದು ಮಾಪಿನ ಒಳಗಿದೆಯೋ ಹೊರಗಿದೆಯೋ ಎಂದು. ಬಸ್ಸಿನ ಬೋರ್ಡಿನಲ್ಲಿ ಯಾದಗಿರಿ ಎಂದು ದೊಡ್ಡದಾಗಿ ಬರೆದಿದ್ದರೂ ಡ್ರೈವರನ್ನು ಒಮ್ಮೆ, ಕಂಡಕ್ಟರನ್ನು ಒಮ್ಮೆ ಬೇರೆಬೇರೆಯಾಗಿ ಕೇಳಿ, ಇಬ್ಬರ ಹೇಳಿಕೆ ತಾಳೆಯಾದ ಮೇಲೆಯೇ ಹತ್ತುತ್ತೇನೆ. ಇದರಲ್ಲಿ ನನ್ನ ತಪ್ಪು ಕಡಿಮೆ, ವೃತ್ತಿಯದು ಹೆಚ್ಚು. ನಾನು ಶಾಲಾ ಮಾಸ್ತರ. ಒಂದು ಬೆಂಚಿನ ನಾಲ್ಕು ಮಕ್ಕಳು ಒಂದೇ ಲೆಕ್ಕದಲ್ಲಿ, ಒಂದೇ ಸಾಲಿನಲ್ಲಿ, ಒಂದೇ ತಪ್ಪು ಮಾಡಿಕೊಂಡು ಬಂದು, ನಾಲ್ವರೂ ಮುಖ ಮೇಲೆತ್ತಿ "ನಾನ ಮಾಡೇನ್ರಿ ಸರ" ಎನ್ನುವುದನ್ನು ವರ್ಷಗಟ್ಟಲೆ ಕೇಳಿದವನ ಮನಸ್ಸು ಹೇಗಿರಬೇಕೋ ಹಾಗೆಯೇ ನನ್ನದಿದೆ.

ಫೇಸ್‌ಬುಕ್ಕಿನಲ್ಲಿ ನನ್ನ ಹರಟೆ ಓದುವವರಿಗೆ ನಾನು ಗಿಟಾರ್ ಬಾರಿಸುವುದು ಗೊತ್ತು. ಬಾರಿಸುವ ವಿಡಿಯೋ ಹಾಕಿ ಎಂದು ಕೇಳಿದವರೂ ಇದ್ದಾರೆ, ಹಾಕಿದ ಮೇಲೆ ಮತ್ತೆ ಕೇಳಿಲ್ಲ. ನಮ್ಮದೊಂದು ರಸಮಂಜರಿ ತಂಡ. ಮದುವೆ, ಬಸುರಿಯ ಕುಬಸ, ಮನೆ ಶಾಂತಿ, ಬೀಳ್ಕೊಡುಗೆ, ಯಾರು ಕರೆದರೂ ರಜೆಯ ದಿನ ಹೋಗಿ ಹಾಡುತ್ತೇವೆ. ತಂಡದ ಒಡೆಯ, ಮುಖ್ಯ ಗಾಯಕ, ಮೈಕಿನ ಮಾಲೀಕ ಮೂರೂ ಆಗಿರುವವನು ದೇವಿಂದ್ರಪ್ಪ. ಕೀಬೋರ್ಡ್ ಬಾರಿಸುವವನು ಸುರಪುರದ ಮಾನಪ್ಪ, ನನಗಿಂತ ಹದಿನೈದು ವರ್ಷ ಚಿಕ್ಕವನು, ಯಾವಾಗಲೂ ನಗುಮುಖ. ಯಾವಾಗಲೂ ನಗುವವರ ಬಗ್ಗೆ ನನ್ನ ಅಭಿಪ್ರಾಯ ಏನೆಂದು ನೀವು ಊಹಿಸಬಹುದು.

ತೊಂದರೆ ಶುರುವಾದದ್ದು ಬಳಿಚಕ್ರದಲ್ಲಿ, ಒಂದು ಮನೆ ಶಾಂತಿಯ ಕಾರ್ಯಕ್ರಮ ಮುಗಿದ ಮೇಲೆ. ವೈರು ಸುತ್ತುತ್ತಿದ್ದಾಗ ದೇವಿಂದ್ರಪ್ಪ ನನ್ನ ಪಕ್ಕ ಬಂದು ಕೂತ. ಅವನು ಪಕ್ಕ ಬಂದು ಕೂತನೆಂದರೆ ಸುದ್ದಿ ಚೆನ್ನಾಗಿಲ್ಲ ಎಂದರ್ಥ. ಚೆನ್ನಾಗಿರುವ ಸುದ್ದಿಯನ್ನು ಅವನು ದೂರದಿಂದಲೇ ಕೂಗುತ್ತಾನೆ.

"ಮಾಸ್ತರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಗಿಟಾರ್ ಕೇಳ್ಸವಲ್ದು ನೋಡ್ರಿ."

"ಎಲ್ಲಿ ಕೇಳ್ಸವಲ್ದು?"

"ಎಲ್ಲೂ ಕೇಳ್ಸವಲ್ದು. ಮಾನಪ್ಪನ ಕೀಬೋರ್ಡಿನ್ಯಾಗ ಗಿಟಾರಿನ ಸೌಂಡ್ ಅದ ಅಂತ. ಒಂದು ಗುಂಡಿ ಒತ್ತಿದ್ರ ಬರ್ತದ. ಶಹಾಪುರದ ಲಗ್ನ ಒಂದ ನೋಡೋಣು. ಅಲ್ಲಿ ಕೇಳ್ಸಿತೋ ಪಾಡಾತು. ಇಲ್ಲಂದ್ರ ನೀವು ಆರಾಮ ಮುಂದ ಕುಂತು ಹಾಡ ಕೇಳ್ರಿ."

ಅಂದರೆ ಒಂದು ಮದುವೆ. ಅದರಲ್ಲಿ ನನ್ನ ಗಿಟಾರ್ ಜನರ ಕಿವಿಗೆ ಬಿದ್ದರೆ ತಂಡದಲ್ಲಿ ನನ್ನ ಜಾಗ ಉಳಿಯುತ್ತದೆ. ಬೀಳದಿದ್ದರೆ ನನ್ನ ಜಾಗಕ್ಕೆ ಒಂದು ಗುಂಡಿ ಬರುತ್ತದೆ. ಈ ವಯಸ್ಸಿನಲ್ಲಿ ಮನುಷ್ಯನಿಗೆ ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಎರಡೂ ಕಡೆ ನಾನು ಹೇಳಿದ್ದನ್ನು ಯಾರೂ ಕೇಳುವುದಿಲ್ಲ. ಗಿಟಾರ್ ಹಿಡಿದು ನಿಂತಾಗ ಕನಿಷ್ಠ ಎದುರಿಗೆ ಕೂತವರು ಎದ್ದು ಹೋಗುವಂತಿರಲಿಲ್ಲ, ಊಟದ ಸರದಿ ಬರುವ ತನಕವಾದರೂ. ಈಗ ಅದೂ ಹೋಗುತ್ತದೆ. ಎದ್ದು ನೋಡಿದರೆ ಮಾನಪ್ಪ ಆ ಕಡೆ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸುತ್ತಿದ್ದ. ನನ್ನನ್ನು ನೋಡಿ ನಕ್ಕ.

ಈಗ ಪೆಡಲ್ಲಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಓವರ್‌ಡ್ರೈವ್ ಪೆಡಲ್ ಎಂದರೆ ಕಾಲ ಹತ್ತಿರ ಇಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಕಬ್ಬಿಣದ ಡಬ್ಬಿ. ಗಿಟಾರಿನ ವೈರು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಸ್ಪೀಕರಿಗೆ ಹೋಗುತ್ತದೆ. ಒಳಗೆ ಹೋಗುವಾಗ ಸಾಧುವಾಗಿದ್ದ ಸ್ವರ ಹೊರಗೆ ಬರುವಾಗ ಸ್ವಲ್ಪ ಒಡೆದು, ಸ್ವಲ್ಪ ಹರಿದು, ಗುಡ್ಡದ ಆಚೆ ಹೋದ ಕುರಿಗಳನ್ನು ಕೂಗುವ ಕುರಿಗಾಹಿಯ ದನಿಯಂತಾಗುತ್ತದೆ. ಆ ಒಡಕಿನಲ್ಲಿ ಒಂದು ಸುಖವಿದೆ. ಈ ಡಬ್ಬಿ ನಡೆಯುವುದು ಒಂಬತ್ತು ವೋಲ್ಟಿನ ಮೇಲೆ. ಅಷ್ಟರಲ್ಲೇ ಸಂಸಾರ ಮಾಡಿಕೊಂಡು ನಾನೂ ಅದೂ ಹಾಯಾಗಿದ್ದೆವು.

ಬಳಿಚಕ್ರದಿಂದ ಬಂದ ಮರುದಿನ ಮೊಬೈಲಿನ ವಿಡಿಯೋ ಒಂದರಲ್ಲಿ ಒಬ್ಬ ಬೋಳುತಲೆಯ ಮನುಷ್ಯ ಸಿಕ್ಕ. ಅವನು ಹೇಳುವುದೇನೆಂದರೆ, ಒಂಬತ್ತು ವೋಲ್ಟಿನಲ್ಲಿ ಪೆಡಲ್ಲು ತಗ್ಗು ಮಾಳಿಗೆಯ ಮನೆಯಿದ್ದಂತೆ. ಸ್ವರ ಎದ್ದು ನಿಲ್ಲಹೋದರೆ ತಲೆ ಚಾವಣಿಯ ಹಾಸುಗಲ್ಲಿಗೆ ಬಡಿದು ಚಪ್ಪಟೆಯಾಗುತ್ತದೆ. (ಹಾಸುಗಲ್ಲು ಎಂದದ್ದು ನಾನು, ಅವನು ಬೇರೇನೋ ಹೇಳಿದ.) ಅದೇ ಪೆಡಲ್ಲಿಗೆ ಹದಿನೆಂಟು ವೋಲ್ಟು ಕೊಟ್ಟರೆ ಮಾಳಿಗೆ ಎತ್ತರವಾಗುತ್ತದೆ. ಸ್ವರ ನೆಟ್ಟಗೆ ನಿಲ್ಲುತ್ತದೆ, ಗುಂಪಿನಲ್ಲಿ ಬೇರೆಯಾಗಿ ಕೇಳಿಸುತ್ತದೆ. ಆದರೆ ಎಲ್ಲ ಪೆಡಲ್ಲೂ ತಡೆಯುವುದಿಲ್ಲ, ಕೆಲವು ಸುಟ್ಟುಹೋಗುತ್ತವೆ, ಬೆನ್ನ ಮೇಲೆ ಬರೆದದ್ದನ್ನು ಓದಿಕೊಳ್ಳಿ ಎಂದೂ ಹೇಳಿದ. ನನ್ನ ಪೆಡಲ್ಲನ್ನು ತಿರುಗಿಸಿ, ಕನ್ನಡಕ ಏರಿಸಿ ನೋಡಿದೆ. ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂಬತ್ತರಿಂದ ಹದಿನೆಂಟು ಎಂದು ಬರೆದಿತ್ತು. ಇಷ್ಟು ವರ್ಷ ಕಾಲಡಿಯಲ್ಲೇ ಇಟ್ಟುಕೊಂಡು ಈ ಕಂಪನಿಯವರು ನನಗೆ ಅರ್ಧ ಶಕ್ತಿಯ ವಿಷಯ ಮುಚ್ಚಿಟ್ಟಿದ್ದರು! ಇಷ್ಟೊಳ್ಳೆಯ ಸುದ್ದಿಯನ್ನು ಇಷ್ಟು ಸಣ್ಣ ಅಕ್ಷರದಲ್ಲಿ ಯಾರಾದರೂ ಬರೆಯುತ್ತಾರೆಯೇ?

ಹದಿನೆಂಟು ವೋಲ್ಟಿನ ಅಡಾಪ್ಟರ್ ನಮ್ಮಲ್ಲಿ ಸಿಗುವ ವಸ್ತುವಲ್ಲ. ಯಾದಗಿರಿಯ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಕೀಟನಾಶಕ ಹೊಡೆಯುವ ಪಂಪಿನ ಚಾರ್ಜರ್ ತೋರಿಸಿ, "ಇದ ಹಾಕ್ರಿ, ಹತ್ತಿ ಹೊಲಕ್ಕ ಭೇಷ್ ನಡಿತದ" ಎಂದರು. ಕೊನೆಗೆ ನನ್ನ ಹೆಂಡತಿ ನೀಲಮ್ಮನ ತಮ್ಮ ಭೀಮಣ್ಣನ ಹತ್ತಿರ ಹೋದೆ. ಭೀಮಣ್ಣನದು ಶಹಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳಲ್ಲಿ ಸುಟ್ಟ ಬೋರ್‌ವೆಲ್ ಮೋಟಾರುಗಳೆಲ್ಲ ಅವನ ಅಂಗಳಕ್ಕೆ ಬರುತ್ತವೆ. ಸುಟ್ಟ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವುದು ಅವನ ಕೆಲಸ. ನಾನು ಡಬ್ಬಿಯನ್ನು ಅವನ ಎದುರು ಇಟ್ಟೆ.

"ಎಷ್ಟ ವೋಲ್ಟಿಂದು ಮಾವ ಇದು?"

"ಒಂಬತ್ತು."

ಅವನು ಅಂಗಡಿಯಲ್ಲಿ ಬೇರೆ ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಸುತ್ತ ನೋಡಿದ. "ಮೆತ್ತಗ ಹೇಳ್ರಿ. ಒಂಬತ್ತ ಅಂದ್ರ ಏನ ಕರೆಂಟ್ ಅದು? ನಾಲಿಗಿಗೆ ಹಚ್ಚಿದ್ರ ಹುಣಸಿಹಣ್ಣಿನಂಗ ಹುಳಿ ಹುಳಿ ಆಗ್ತದ, ಅಷ್ಟ. ನಾ ನಾನೂರಾ ನಲವತ್ತರ ಜೋಡಿ ಬಾಳೇವು ಮಾಡಾಂವ ಅದೀನಿ."

"ಅದಕ್ಕೇ ಹದಿನೆಂಟು ಮಾಡಿಕೊಡು."

"ಮಾಡಿಕೊಡ್ತೀನಿ. ಫಿಕರ್ ಬಿಡ್ರಿ." ಪೆಡಲ್ಲಿನ ಹಿಂದಿನ ತೂತು ನೋಡಿ ಅವನ ಮುಖ ಗಂಭೀರವಾಯಿತು. "ಮಾವ, ಇದು ಉಲ್ಟಾ ಅದ. ನಡುಕಿನ ಕಡ್ಡಿಗಿ ಮೈನಸ್ ಕೊಟ್ಟಾರ, ಹೊರಗ ಪ್ಲಸ್. ಯಾರೂ ಹಂಗ ಕೊಡಂಗಿಲ್ಲ. ಈ ಕಂಪನಿ ಏನೋ ಮುಚ್ಚಿಡಾಕತ್ತದ."

ನನ್ನ ಹೆಂಡತಿಯ ಕಡೆಯವರಲ್ಲಿ ಭೀಮಣ್ಣನನ್ನು ಕಂಡರೆ ನನಗೆ ಒಂದಿಷ್ಟು ಪ್ರೀತಿ ಹೆಚ್ಚು. ಅದು ಯಾಕೆಂದು ಆ ಕ್ಷಣ ಸ್ಪಷ್ಟವಾಯಿತು.

ಅವನು ಸುಮ್ಮನೆ ಕೂತು ಸುತ್ತುವ ಆಸಾಮಿಯಲ್ಲ. ಭಾನುವಾರ ಸಂಜೆ ರಾಮಸಮುದ್ರದ ನಮ್ಮ ಮನೆಗೆ ಬಂದು, ಗೋಡೆಯ ಪ್ಲಗ್ಗಿಗೆ ತನ್ನ ಮೀಟರಿನ ಕಡ್ಡಿ ಚುಚ್ಚಿ, "ನೂರಾ ಅರವತ್ತೈದು" ಎಂದು ತಂಬಾಕಿನ ಪೊಟ್ಟಣದ ಮೇಲೆ ಬರೆದುಕೊಂಡು ಹೋದ. ಅದು ಅವನ ಕೆಲಸದ ರೀತಿ. ಬರಬೇಕಾದದ್ದು ಇನ್ನೂರ ಮೂವತ್ತು, ಆದರೆ ಪುಸ್ತಕದ ಕರೆಂಟಿಗೆ ಸುತ್ತಿದ ಮೋಟಾರು ನಮ್ಮ ಹೊಲದಲ್ಲಿ ಏಳುವುದಿಲ್ಲ ಎನ್ನುವುದು ಅವನ ಅನುಭವ. ಬರುವ ಕರೆಂಟು ಎಷ್ಟು ಬಡಕಲಾಗಿದೆ ಎಂದು ನೋಡಿ, ಅದಕ್ಕೆ ತಕ್ಕಂತೆ ಸುತ್ತು ಹೊಂದಿಸಬೇಕು. ಹತ್ತೂ ಊರಿನವರು ಅವನನ್ನು ಹುಡುಕಿಕೊಂಡು ಬರುವುದು ಇದಕ್ಕೇ. ಮುಂದಿನ ವಾರ ಇಟ್ಟಿಗೆಯಷ್ಟು ದೊಡ್ಡದೊಂದು ಪೆಟ್ಟಿಗೆ ತಂದ. ನಮ್ಮ ಮನೆಯ ಪ್ಲಗ್ಗಿಗೆ ಹಾಕಿ, ಮೀಟರ್ ಹಿಡಿದು ತೋರಿಸಿದ. ಬರೋಬರ್ ಹದಿನೆಂಟು. ನಾನು ಮೂರು ಸಲ ತೆಗೆದು ಹಾಕಿ ನೋಡಿದೆ. ಹದಿನೆಂಟೇ.

ಇನ್ನು ಪರೀಕ್ಷೆ. ನನ್ನ ಕಿವಿಯನ್ನು ನಾನೇ ನಂಬುವುದಿಲ್ಲವಾದ್ದರಿಂದ ನೀಲಮ್ಮನ ಕಿವಿಯನ್ನು ಆರಿಸಿಕೊಂಡೆ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಯಾವುದು ಏನು ಎಂದು ಹೇಳದೆ ಮೊದಲು ಒಂಬತ್ತರಲ್ಲಿ ಬಾರಿಸಿದೆ, ಆಮೇಲೆ ಹದಿನೆಂಟರಲ್ಲಿ ಅದನ್ನೇ ಬಾರಿಸಿದೆ.

"ಫರಕ್ ಏನಾರ ಗೊತ್ತಾತೇನು?" ಎಂದು ಕೂಗಿದೆ.

"ಗೊತ್ತಾಗ್ಲಾರದಕ್ಕ ನಾ ಏನ ಕಿವುಡಿ ಏನ್ರಿ? ಮೊದ್ಲಿಂದು ನಮ್ಮ ಕಾಕಾ ನೆಗಡಿ ಬಂದಾಗ ಮಾತಾಡಿದಂಗಿತ್ತು. ಎರಡನೇದು ನೆಗಡಿ ಹೋದ ಮ್ಯಾಲ ಮಾತಾಡಿದಂಗಾತು."

ಬೋಳುತಲೆಯವನು ಇಪ್ಪತ್ತು ನಿಮಿಷ ತೆಗೆದುಕೊಂಡು ಹೇಳಿದ್ದನ್ನು ಇವಳು ಒಂದು ರೊಟ್ಟಿ ಬೇಯುವಷ್ಟರಲ್ಲಿ ಹೇಳಿದ್ದಳು. ಹಿಗ್ಗಿದೆ. ಹಿಗ್ಗಿದ ಬೆನ್ನಿಗೇ, ಇವಳು ಇಷ್ಟು ವರ್ಷದಲ್ಲಿ ಎಂದೂ ನನ್ನ ಗಿಟಾರಿನ ಬಗ್ಗೆ ಒಳ್ಳೆಯ ಮಾತಾಡಿದವಳಲ್ಲವಲ್ಲ, ಈಗ ಯಾಕೆ ಎಂಬ ಪ್ರಶ್ನೆ ಬಂತು. ಕೇಳಿಯೇಬಿಟ್ಟೆ. "ಒಳ್ಳೇದಂತ ಯಾರ ಅಂದ್ರು?" ಎಂದಳು. "ನಮ್ಮ ಕಾಕಾ ನೆಗಡಿ ಇದ್ದಾಗ ಮಾತ ಕಮ್ಮಿ ಆಡ್ತಿದ್ದ. ಅದ ಪಾಡಿತ್ತು." ಇದು ನಂಬುವಂಥ ಮಾತಾಗಿತ್ತು. ಸಮಾಧಾನವಾಯಿತು.

ಶಹಾಪುರದ ಮದುವೆ ಮಧ್ಯಾಹ್ನದ್ದು. ಅಕ್ಕಿಕಾಳು ಬಿದ್ದ ಮೇಲೆ ಊಟ, ಊಟದ ಜೊತೆ ನಮ್ಮ ಹಾಡು. ಕಲ್ಯಾಣ ಮಂಟಪ ದೊಡ್ಡದು, ಹಿಂದೆ ಲಾರಿಯಷ್ಟು ದೊಡ್ಡ ಜನರೇಟರು ಗುರುಗುಡುತ್ತಿತ್ತು. ನಾನು ವೇದಿಕೆಯ ಎಡಗಡೆ ಪೆಡಲ್ಲು, ಇಟ್ಟಿಗೆಯಂಥ ಆ ಪೆಟ್ಟಿಗೆ ಎರಡನ್ನೂ ಜೋಡಿಸಿ, ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದೆ. ಮಾನಪ್ಪ ಬಂದು ನನ್ನ ಸಾಮಾನಿನ ಮೇಲೆ ಬಗ್ಗಿದ. ಬಗ್ಗಿದ್ದಷ್ಟೇ ಅಲ್ಲ, ಭೀಮಣ್ಣನ ಇಟ್ಟಿಗೆಯನ್ನು ಅಂಗೈಯಿಂದ ಮುಟ್ಟಿದ.

"ಸರ, ಇದೇನು? ಹೊಸಾದ ತಂದೀರಿ? ಭಾಳ ಬೆಚ್ಚಗ ಅದಲ್ರಿ."

"ಬೆಚ್ಚಗ ಇರ್ತದ. ಮುಟ್ಟಬ್ಯಾಡ."

"ಹೂಂ ಸರ" ಎಂದು ನಕ್ಕು ಹೋದ. ಹೋಗುವಾಗ ವೈರೊಂದನ್ನು ಕಾಲಿನಿಂದ ಬದಿಗೆ ಸರಿಸಿದ. ಎಲ್ಲವನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಮೊದಲ ಹಾಡು ಶುರುವಾಯಿತು. ಎರಡನೆಯ ಚರಣಕ್ಕೆ ಮೊದಲು ಗಿಟಾರಿನ ತುಣುಕು. ಪೆಡಲ್ಲು ಒತ್ತಿದೆ. ಏನು ಹೇಳಲಿ! ನನ್ನ ಗಿಟಾರ್ ಅಂಥ ದನಿಯಲ್ಲಿ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಊಟಕ್ಕೆ ಎದ್ದವನೊಬ್ಬ ಅರ್ಧ ಎದ್ದಂತೆಯೇ ನಿಂತ. ದೇವಿಂದ್ರಪ್ಪ ಹಾಡುತ್ತಲೇ ಹುಬ್ಬು ಹಾರಿಸಿ "ಕೇಳ್ಸಾಕತ್ತದ" ಎಂದು ಸನ್ನೆ ಮಾಡಿದ. ನನ್ನ ಜಾಗ ಉಳಿಯಿತು ಎಂದುಕೊಂಡೆ. ಆಗ ಕಾಲ ಹತ್ತಿರ ಠಪ್ ಎಂದಿತು. ಪೆಡಲ್ಲಿನ ಕೆಂಪು ದೀಪ ಆರಿತು. ಸುಟ್ಟ ಮೀನಿನಂಥ ವಾಸನೆ ಎದ್ದಿತು. ನನ್ನ ಬೆರಳುಗಳು ತಂತಿಯ ಮೇಲೆ ಓಡುತ್ತಲೇ ಇದ್ದವು, ಸ್ವರ ಮಾತ್ರ ಎಲ್ಲಿಂದಲೂ ಬರಲಿಲ್ಲ.

ಮುಂದಿನ ಕ್ಷಣ ಗಿಟಾರ್ ಕೇಳಿಸಿತು. ನನ್ನದಲ್ಲ, ಮಾನಪ್ಪನ ಕೀಬೋರ್ಡಿನ ಗುಂಡಿಯದು. ನಾನು ಬಿಟ್ಟ ಸ್ವರದಿಂದಲೇ ಎತ್ತಿಕೊಂಡು, ಒಂದು ತಾಳವೂ ತಪ್ಪದಂತೆ ಮುಗಿಸಿದ. ಇಷ್ಟು ತಯಾರಾಗಿ ಯಾರಿರುತ್ತಾರೆ? ಏನಾಗಲಿದೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಇರುತ್ತಾನೆ.

ಹಾಡು ಮುಗಿದದ್ದೇ ಅವನನ್ನು ವೇದಿಕೆಯ ಹಿಂದೆ, ಅಡುಗೆಯವರ ಬಾನಿಗಳ ನಡುವೆ ನಿಲ್ಲಿಸಿಕೊಂಡೆ. ದೇವಿಂದ್ರಪ್ಪನೂ ಓಡಿ ಬಂದ. ಬಡಿಸುವವರು ಬಕೆಟ್ಟು ಹಿಡಿದುಕೊಂಡೇ ನಿಂತರು.

"ಏನ ಮಾಡಿದಿ ನನ್ನ ಪೆಡಲ್ಲಿಗಿ? ಖರೇ ಹೇಳು."

ಅವನ ನಗು ಮೊದಲ ಸಲ ಹೋಗಿದ್ದನ್ನು ನೋಡಿದೆ. "ನಾ ಏನ ಮಾಡ್ಲಿ ಸರ? ನೀವ ನಿಂತಿದ್ರಿ ಅಂತ ನಾ ಎತ್ಕೊಂಡೆ. ಹಾಡ ಮುರೀಬಾರ್ದಲ್ರಿ."

"ಬೆಚ್ಚಗ ಅದ ಅಂತ ಕೈ ಯಾಕ ಇಟ್ಟಿ? ವೈರ್ ಯಾಕ ಸರಿಸಿದಿ? ನನ್ನ ಜಾಗದಾಗ ಗುಂಡಿ ಒತ್ತಬೇಕಂತ ಬಳಿಚಕ್ರದಾಗ ಯಾರ ಹೇಳಿಕೊಟ್ರು?" ಎಂದು ಶಾಲೆಯ ದನಿಯಲ್ಲಿ ಕೂಗಿದೆ. ಬಡಿಸುವವನೊಬ್ಬ ಬಕೆಟ್ಟು ಕೆಳಗಿಟ್ಟ, ನಿಂತು ಕೇಳುವಂಥ ವಿಷಯವೆಂದು.

ಅಷ್ಟರಲ್ಲಿ ಊಟಕ್ಕೆ ಬಂದಿದ್ದ ಭೀಮಣ್ಣ ಎಂಜಲ ಕೈ ತೊಳೆದುಕೊಂಡು ಬಂದ. ಗಂಡಿನ ಕಡೆಯವರ ಮೋಟಾರುಗಳೆಲ್ಲ ಅವನಲ್ಲಿಗೇ ಬರುವುದರಿಂದ ಅವನಿಗೆ ಕರೆ ಇತ್ತು. ಮದುವೆಗೂ ಜೇಬಿನಲ್ಲಿ ಮೀಟರ್ ಇಟ್ಟುಕೊಂಡು ಬಂದಿದ್ದ. ಯಾರ ಮಾತೂ ಕೇಳದೆ ವೇದಿಕೆಯ ಮೇಲೆ ಹೋಗಿ ಪ್ಲಗ್ಗಿಗೆ ಕಡ್ಡಿ ಚುಚ್ಚಿದ. ಚುಚ್ಚಿದವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಮಾವ! ಇಲ್ಲಿ ಬರ್ರಿ! ಇನ್ನೂರಾ ನಲವತ್ತು!"

"ಅಂದ್ರ?"

"ಅಂದ್ರ ಕರೆಂಟ್ ಪೂರಾ ಬಂದದ! ಪೂರಾ! ಈ ಜನರೇಟರ್ ಭಾರಿ ಅದ ಮಾವ!" ಅವನ ಮುಖದಲ್ಲಿ ತಪ್ಪು ಮಾಡಿದವನ ಲಕ್ಷಣ ಒಂದಿಷ್ಟೂ ಇರಲಿಲ್ಲ, ದೇವರನ್ನು ಕಂಡವನ ಬೆರಗಿತ್ತು. "ನಾ ನಿಮ್ಮನಿ ನೂರಾ ಅರವತ್ತೈದಕ್ಕ ಸುತ್ತಿದ್ದೆ. ಅಲ್ಲಿ ಹದಿನೆಂಟ ಕೊಡೋದು ಇಲ್ಲಿ ಇಪ್ಪತ್ತಾರ ಕೊಟ್ಟದ. ನಿಮ್ಮ ಡಬ್ಬಿ ಹದಿನೆಂಟರ ತನಕ ಗಟ್ಟಿ. ಇಪ್ಪತ್ತಾರಕ್ಕ ಅದರ ಹೊಟ್ಟಿ ಒಡದದ. ಕರೆಂಟ್ ಹಿಂಗ ಪೂರಾ ಬರ್ತದಂತ ಯಾರಿಗಿ ಗೊತ್ತಿತ್ತು ಹೇಳ್ರಿ?"

ಯಾರಿಗೂ ಗೊತ್ತಿರಲಿಲ್ಲ. ಕರೆಂಟು ಕಡಿಮೆ ಬಂದರೆ ಏನು ಮಾಡಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸರಿಯಾಗಿ ಬಂದರೆ ಏನು ಮಾಡಬೇಕೆಂದು ನಾನೂ ಭೀಮಣ್ಣನೂ ಯೋಚಿಸಿಯೇ ಇರಲಿಲ್ಲ. ಹಾಲಿನವನ ಹೆಬ್ಬೆರಳು, ಕಂಡಕ್ಟರನ ಬಾಯಿ, ಕಂಪನಿಯ ಸಣ್ಣ ಅಕ್ಷರ ಎಲ್ಲದರ ಮೇಲೂ ಕಣ್ಣಿಟ್ಟಿದ್ದ ನಾನು, ಒಂದು ಒಳ್ಳೆಯ ಜನರೇಟರಿನ ಕೈಯಲ್ಲಿ ಸಿಕ್ಕಿಬಿದ್ದಿದ್ದೆ.

ಭೀಮಣ್ಣ ಜನರೇಟರ್ ನೋಡಲು ಹಿಂದೆ ಹೋದ. ಬಡಿಸುವವರು ಬಕೆಟ್ಟು ಎತ್ತಿಕೊಂಡು, ಇಷ್ಟೇನಾ ಎಂಬಂತೆ ಹೋದರು. ಉಳಿದವರು ನಾವು ಮೂವರು. ಮಾಸ್ತರನಾದವನಿಗೆ ತಪ್ಪಾಯಿತು ಎನ್ನುವ ಮಾತು ಬಾಯಿಂದ ಬರುವುದು ಕಷ್ಟ. ಇಷ್ಟು ವರ್ಷ ಅದನ್ನು ಬೇರೆಯವರ ಕೈಯಲ್ಲಿ ಹೇಳಿಸಿಯೇ ರೂಢಿ. ನಾನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ದೇವಿಂದ್ರಪ್ಪ ನನ್ನನ್ನು ಬಿಟ್ಟು ಮಾನಪ್ಪನ ಕಡೆ ತಿರುಗಿದ.

"ಈಗ ನೀನ ಹೇಳಪಾ ಮಾನಪ್ಪ. ನಾಕ ಮಂದ್ಯಾಗ ನಿನಗ ಕಳ್ಳ ಅಂದಾರ. ಮಾಸ್ತರ ಇನ್ನ ಮ್ಯಾಲ ಬೇಕಾ, ಬ್ಯಾಡಾ? ನೀ ಬ್ಯಾಡಂದ್ರ ಇವತ್ತ ಕಡೀದು."

ನನ್ನ ತೀರ್ಪನ್ನು ಬರೆಯಲು ಇಡೀ ಮಂಟಪದಲ್ಲಿ ಇವನಿಗೆ ಸಿಕ್ಕಿದ್ದು ನಾನು ಈಗಷ್ಟೇ ಮುಖಕ್ಕೆ ಬೈದ ಮನುಷ್ಯ. ಗಿಟಾರಿನ ಪಟ್ಟಿಯನ್ನು ಹೆಗಲಿನಿಂದ ಇಳಿಸತೊಡಗಿದೆ. ಬೇರೆಯವರು ಇಳಿಸಿ ಎನ್ನುವ ಮೊದಲು ತಾನೇ ಇಳಿಸಿಕೊಂಡರೆ ಒಂದಿಷ್ಟು ಮರ್ಯಾದೆ ಉಳಿಯುತ್ತದೆ ಎಂಬ ಆಸೆ.

ಮಾನಪ್ಪ ಅರ್ಧ ಇಳಿದ ನನ್ನ ಪಟ್ಟಿಯನ್ನು ನೋಡಿದ. ಆಮೇಲೆ, "ಇರ್ಲಿ ಬಿಡ್ರಿ ಅಣ್ಣ" ಎಂದ.

"ಯಾಕ? ಗುಂಡಿ ಒತ್ತಿದ್ರ ಗಿಟಾರ್ ಬರ್ತದಲ್ಲ?"

"ಗಿಟಾರ್ ಬರ್ತದರಿ. ಸರ ಬರಂಗಿಲ್ಲ." ಅವನ ನಗು ಮೆಲ್ಲಗೆ ವಾಪಸು ಬರುತ್ತಿತ್ತು. "ನಾ ಬಾರಸ್ತಿರುಮಟಾ ಸರ ನನ್ನ ಕೈ ಮ್ಯಾಲ ಕಣ್ಣ ಇಟ್ಟಿರ್ತಾರ, ಎಲ್ಲಿ ತಪ್ಪತಾನ ಅಂತ. ಆ ಅಂಜಿಕಿಗಿ ನಾ ಒಂದೂ ತಪ್ಪಂಗಿಲ್ಲ. ಅವ್ರ ರಜಾ ಹಾಕಿದ ದಿನ ನನ್ನ ಕೈ ಎಲ್ಲೆಲ್ಲೋ ಹೋಗ್ತದ. ಸರ ಬೇಕರಿ ನನಗ."

ದೇವಿಂದ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಪಟ್ಟಿಯನ್ನು ಮತ್ತೆ ಹೆಗಲಿಗೆ ಏರಿಸಿದೆ. "ತಪ್ಪಾತಪಾ" ಎಂದೆ. ಜನರೇಟರಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ, ಎರಡನೆಯ ಸಲ ಹೇಳುವ ಧೈರ್ಯವಾಗಲಿಲ್ಲ. ಉಳಿದ ಹಾಡುಗಳಿಗೆ ಪೆಡಲ್ಲಿಲ್ಲದೆ, ವೈರನ್ನು ನೇರ ಸ್ಪೀಕರಿಗೆ ಕೊಟ್ಟು ಬಾರಿಸಿದೆ. ಭೀಮಣ್ಣ ಮರುವಾರ ಡಬ್ಬಿಯ ಹೊಟ್ಟೆಗೆ ಹೊಲಿಗೆ ಹಾಕಿ ಕೊಟ್ಟಿದ್ದಾನೆ. ಈಗ ಅದು ಬ್ಯಾಟರಿಯ ಮೇಲೆ, ಒಂಬತ್ತರಲ್ಲೇ, ನೆಗಡಿ ಬಂದ ಕಾಕಾನಂತೆ ಮಾತಾಡಿಕೊಂಡಿದೆ.

ಮಾನಪ್ಪ ಸರ ಬೇಕು ಎಂಬ ಆ ಮಾತನ್ನು ಮೆಚ್ಚಿ ಹೇಳಿದನೋ, ಚುಚ್ಚಿ ಹೇಳಿದನೋ ಎಂದು ನಾನು ಬಹಳ ದಿನ ಯೋಚಿಸಿದೆ. ನೀಲಮ್ಮನನ್ನೂ ಕೇಳಿದೆ. "ಒಳ್ಳೆ ಮಾತ ಹೇಳ್ಯಾನ, ಸುಮ್ನ ಒಳ್ಳೇದಂತ ತಿಳ್ಕೋರಿ. ಒಂದಾರ ಹಂಗ ತಿಳ್ಕೋರಿ" ಎಂದಳು. ಪ್ರಯತ್ನ ಮಾಡುತ್ತಿದ್ದೇನೆ. ಹೋದ ವಾರ ಸುರಪುರದಲ್ಲಿ ಕಾರ್ಯಕ್ರಮವಿತ್ತು. ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಮಾನಪ್ಪನ ಹತ್ತೂ ಬೆರಳುಗಳ ಮೇಲೆ ನನ್ನ ಎರಡೂ ಕಣ್ಣು ನೆಟ್ಟಿದ್ದವು. ಅವನು ಒಂದು ಕಡೆಯೂ ತಪ್ಪಲಿಲ್ಲ. ನಾನು ಮೂರು ಕಡೆ ತಪ್ಪಿದೆ. ನನ್ನ ಕೈಯ ಮೇಲೆ ಕಣ್ಣಿಡುವವರು ಯಾರೂ ಇರಲಿಲ್ಲ.